ನಿಮಗಿದು ಗೊತ್ತೆ? ಟ್ರೇಲರ್ ಕೊಂಡಿಗೂ ತೂಕದ ಮಿತಿ ಇದೆ

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಗೋ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಕಾರ್ಖಾನೆಗೋ ಕಬ್ಬು ಒಯ್ಯುವ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಏರಿನಲ್ಲಿ ನೆಲ ಬಿಟ್ಟು ಏಳುವುದುಂಟು. ಆ ಕ್ಷಣ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಕೊಂಡಿಯ ಮೇಲೆ ಭಾರ ಹೆಚ್ಚಾದರೆ ಹೀಗಾಗಬಹುದು.

ಟ್ರೇಲರ್ ಎಳೆಯುವ ವಾಹನಕ್ಕೆ ಎರಡು ಮಿತಿಗಳಿವೆ: ಎಷ್ಟು ತೂಕ ಎಳೆಯಬಹುದು, ಕೊಂಡಿಯ ಮೇಲೆ ಎಷ್ಟು ತೂಕ ಬೀಳಬಹುದು. ಎರಡನೆಯದನ್ನು ಕೇಳುವವರೇ ಕಡಿಮೆ. ನಾಲ್ಕು ಚಕ್ರದ ಟ್ರೇಲರ್ ಬಹುಪಾಲು ಭಾರವನ್ನು ತಾನೇ ಹೊರುತ್ತದೆ. ಎರಡು ಚಕ್ರದ್ದು ಒಂದು ಪಾಲನ್ನು ಕೊಂಡಿಗೆ ದಾಟಿಸುತ್ತದೆ. ಎತ್ತಿನ ಗಾಡಿಯ ಲೆಕ್ಕವೇ ಇದು. ಮುಂದೆ ಹೆಚ್ಚು ಹೇರಿದರೆ ಎತ್ತಿನ ಹೆಗಲು ಜಗ್ಗುತ್ತದೆ, ಹಿಂದೆ ಹೇರಿದರೆ ಮೂಕಿ ಮೇಲೇಳುತ್ತದೆ. ಮೂಕಿ ಎದ್ದಂತೆ ಕೊಂಡಿ ಎದ್ದರೆ ಟ್ರ್ಯಾಕ್ಟರ್‌ನ ಹಿಂದಿನ ಚಕ್ರಕ್ಕೆ ಹಿಡಿತವೂ ಕಡಿಮೆ, ಬ್ರೇಕೂ ಕಡಿಮೆ. ನಾಲೆ ಏರಿಯ ಇಕ್ಕಟ್ಟಿನ ದಾರಿಯಲ್ಲಿ ಇದು ಪ್ರಾಣಕ್ಕೇ ಅಪಾಯ.

ಅಮೆರಿಕದಲ್ಲಿ ದೋಣಿ, ಮನೆಗಾಡಿ ಎಳೆಯುವ ದೊಡ್ಡ ಎಸ್‌ಯುವಿಗಳಿಗೆ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕೆಂಬುದು ರೂಢಿಯ ಲೆಕ್ಕ. 2,000 ಕೆ.ಜಿ. ಟ್ರೇಲರ್ ಎಂದರೆ 200ರಿಂದ 300 ಕೆ.ಜಿ. ವಾಹನದೊಳಗೆ ಕೂತ ಜನರ ತೂಕ, ಸಾಮಾನಿನ ತೂಕದ ಜೊತೆಗೆ ಇದನ್ನೂ ಸೇರಿಸಿಯೇ ವಾಹನ ಹೊರಬಲ್ಲ ಭಾರವನ್ನು ಎಣಿಸಬೇಕು. ವಾಹನಕ್ಕೊಂದು, ಕೊಂಡಿಗೊಂದು ಮಿತಿ ಬರೆದಿದ್ದರೆ ಕಡಿಮೆ ಇರುವುದೇ ಲೆಕ್ಕಕ್ಕೆ.

ತೂಕದಷ್ಟೇ ಎಳೆಯುವ ಎತ್ತರವೂ ಮುಖ್ಯ. ಹೂತ ಟ್ರೇಲರ್ ಎಳೆಯಲು ಸರಪಳಿಯನ್ನು ಟ್ರ್ಯಾಕ್ಟರ್‌ನ ಹಿಂದಿನ ಅಚ್ಚಿಗಿಂತ ಮೇಲೆ ಎಂದೂ ಕಟ್ಟಬೇಡಿ. ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೇ ಬೀಳಬಹುದು.