ಒಂದು ಸ್ವರದ ಮರ್ಯಾದೆ

ಮನೆಗೆ ಬಂದ ಹಿರಿಯರಿಗೆ ಮಗು ‘ಕೂತ್ಕೋ’ ಎಂದುಬಿಟ್ಟರೆ, ‘ಕೂತ್ಕೊಳ್ಳಿ ಅನ್ನಬೇಕು’ ಎಂದು ತಕ್ಷಣ ತಿದ್ದದ ತಾಯಿ ನಮ್ಮಲ್ಲಿ ಸಿಗುವುದು ಕಷ್ಟ. ಒಬ್ಬರಿಗೆ ಏನನ್ನಾದರೂ ಮಾಡಲು ಹೇಳುವಾಗಲೇ ಅಲ್ಲವೇ ನಮ್ಮ ಮರ್ಯಾದೆ ಬಯಲಾಗುವುದು!

ಸ್ಪ್ಯಾನಿಷ್ ಭಾಷೆಯೂ ಈ ವಿಷಯದಲ್ಲಿ ನಮ್ಮ ನೆಂಟನೇ. ಅಲ್ಲಿ ‘ನೀನು’ ಎನ್ನಲು ‘ತೂ’, ‘ನೀವು’ ಎನ್ನಲು ‘ಉಸ್ತೆದ್’. ಆದರೆ ಆಜ್ಞೆಯಲ್ಲಿ ಮರ್ಯಾದೆಯ ಭಾರವನ್ನೆಲ್ಲ ಹೊರುವುದು ಕ್ರಿಯಾಪದದ ಕೊನೆಯ ಒಂದೇ ಒಂದು ಸ್ವರ.

ನಿಯಮ ಮೀರದ ಮೂರು ಕ್ರಿಯಾಪದಗಳನ್ನು ನೋಡಿ. ‘ಅಬ್ಲಾರ್’ ಎಂದರೆ ಮಾತಾಡುವುದು, ‘ಕೊಮೇರ್’ ತಿನ್ನುವುದು, ‘ಎಸ್ಕ್ರಿಬೀರ್’ ಬರೆಯುವುದು. ಗೆಳೆಯನಿಗೆ ಹೇಳುವಾಗ ಇವು ‘ಆಬ್ಲ’, ‘ಕೋಮೆ’, ‘ಎಸ್ಕ್ರೀಬೆ’ ಆಗುತ್ತವೆ. ‘ಅವನು ಮಾತಾಡುತ್ತಾನೆ’ ಎನ್ನುವಾಗ ಬರುವ ರೂಪವೂ ಇದೇ. ಹೊಸದಾಗಿ ಕಲಿಯುವ ಶ್ರಮವಿಲ್ಲ.

ಹಿರಿಯರಿಗೋ? ಸ್ವರ ಅದಲುಬದಲು: ‘ಆಬ್ಲೆ’, ‘ಕೋಮ’, ‘ಎಸ್ಕ್ರೀಬ’. ಹಲವರಿದ್ದರೆ ಕೊನೆಗೊಂದು ‘ನ್’: ‘ಆಬ್ಲೆನ್’, ‘ಕೋಮನ್’, ‘ಎಸ್ಕ್ರೀಬನ್’.

ಎಡವುವುದು ಇಲ್ಲೇ. ‘ಆಬ್ಲೆ’ಯಲ್ಲಿ ಗೌರವ ತಂದ ‘ಎ’ಕಾರವೇ ‘ಕೋಮೆ’ಯಲ್ಲಿ ಸಲಿಗೆ. ‘ಎ’ ಎಂದರೆ ಗೌರವ ಎಂದಷ್ಟೇ ಉರುಹೊಡೆದವನು ಊಟಕ್ಕೆ ಕುಳಿತ ಹಿರಿಯರಿಗೆ ‘ಕೋಮೆ’ ಎಂದರೆ, ಉಪಚಾರ ಹೋಗಿ ‘ತಿನ್ನು’ ಎಂದಂತಾಯಿತು!

ಈ ಅದಲುಬದಲಿನ ಹಿಂದೊಂದು ಕಥೆಯಿದೆ. ‘ಉಸ್ತೆದ್’ ಎಂಬುದು ‘ವುಎಸ್ತ್ರ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’, ಎಂಬ ಹಳೆಯ ಗೌರವದ ಮಾತು ಸವೆದು ಆದ ಪದ. ಎದುರಿಗಿದ್ದವರನ್ನೇ ದೂರದವರಂತೆ ಸಂಬೋಧಿಸುವ ರೀತಿ. ಹಾಗಾಗಿ ‘ಆಬ್ಲೆ’ ಎಂದರೆ ನಿಜದಲ್ಲಿ ಅಪ್ಪಣೆಯಲ್ಲ, ‘ತಮ್ಮ ಕೃಪೆ ಮಾತಾಡಲಿ’ ಎಂಬ ಬಿನ್ನಹ. ‘ದೊಡ್ಡವರು ಅಪ್ಪಣೆ ಕೊಡಿಸಲಿ’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಯಾರಿಗೆ ಯಾವುದು ಎಂಬುದು ಮಾತ್ರ ಊರಿಂದೂರಿಗೆ ಬೇರೆ. ಸ್ಪೇನಿನಲ್ಲಿ ಅಪರಿಚಿತರಿಗೂ ‘ತೂ’ ಎನ್ನುವುದು ಸಾಮಾನ್ಯ. ಕೊಲಂಬಿಯಾದ ಬೊಗೊಟಾದಲ್ಲಿ ಅಣ್ಣತಮ್ಮಂದಿರು, ಗಂಡಹೆಂಡಿರು ಕೂಡ ‘ಉಸ್ತೆದ್’ ಎಂದುಕೊಳ್ಳುವುದುಂಟು; ಅಲ್ಲಿ ಅದು ದೂರವಲ್ಲ, ಅಕ್ಕರೆಯೇ. ಗೆಳೆಯರ ಗುಂಪಿಗೆ ಹೇಳಲು ಸ್ಪೇನಿನವರಿಗೆ ‘ಅಬ್ಲಾದ್’, ‘ಕೊಮೇದ್’, ‘ಎಸ್ಕ್ರಿಬೀದ್’ ಎಂಬ ಬೇರೆ ರೂಪವೇ ಇದೆ. ಲ್ಯಾಟಿನ್ ಅಮೆರಿಕದಲ್ಲಿ ಗುಂಪೆಂದರೆ ಎಲ್ಲರಿಗೂ ಗೌರವದ ‘ಆಬ್ಲೆನ್’. ಅರ್ಜೆಂಟೀನಾದವರು ಆ ಹಳೆಯ ‘ದ್’ಕಾರವನ್ನು ಉದುರಿಸಿ, ಒಬ್ಬ ಗೆಳೆಯನಿಗೇ ‘ಅಬ್ಲಾ’, ‘ಕೊಮೇ’, ‘ಎಸ್ಕ್ರಿಬೀ’ ಎನ್ನುತ್ತಾರೆ.

ಅಂದಹಾಗೆ, ಅಂಗಡಿಯ ಬಾಗಿಲಿನ ಮೇಲೆ ‘ಎಂಪೂಹೆ’ (ತಳ್ಳಿ), ‘ತೀರೆ’ (ಎಳೆಯಿರಿ) ಎಂಬ ಬರಹ ಕಂಡರೆ ಗಮನಿಸಿ: ಬಾಗಿಲು ಗಿರಾಕಿಗೆ ಬಹುವಚನ ಕೊಡುತ್ತಿದೆ. ದೇವರಿಗೆ ಮಾತ್ರ, ನಮ್ಮಲ್ಲಿಯಂತೆಯೇ, ಪ್ರಾರ್ಥನೆಯಲ್ಲಿ ‘ತೂ’. ಅಲ್ಲಿ ಮರ್ಯಾದೆಗಿಂತ ಸಲಿಗೆ ದೊಡ್ಡದು.

ತಪ್ಪಾಗುವುದು ಸಹಜ. ಆದಾಗ ‘ಕ್ಷಮಿಸಿ’ ಎಂದುಬಿಡಿ: ‘ಪೆರ್ದೋನೆ’. ಮೂಲರೂಪ ‘ಪೆರ್ದೊನಾರ್’; ಆದ್ದರಿಂದ ಗೌರವಕ್ಕೆ ‘ಎ’ಕಾರ. ಅವಸರದಲ್ಲಿ ‘ಪೆರ್ದೋನ’ ಎಂದಿರೋ, ಕ್ಷಮೆಯನ್ನೂ ಏಕವಚನದಲ್ಲೇ ಕೇಳಿದಂತಾದೀತು!