ನಾಯಿಮರಿ ವಾಂತಿ ಮಾಡಿದರೆ

ನಿನ್ನೆ ಕುಣಿದಾಡುತ್ತಿದ್ದ ನಾಯಿಮರಿ ಇವತ್ತು ಮೂಲೆಯಲ್ಲಿ ಮುದುಡಿದೆ. ಅನ್ನ ಮುಟ್ಟಲ್ಲ. ಮೇಲಿಂದ ಮೇಲೆ ವಾಂತಿ. ಆಮೇಲೆ ರಕ್ತ ಬೆರೆತ ಭೇದಿ. ಇದು ದೃಷ್ಟಿ ಅಲ್ಲ ಅಕ್ಕ, ಪಾರ್ವೊ ರೋಗ ಇರಬಹುದು. ಬಲವಂತವಾಗಿ ಬಾಯಿಗೆ ಮಜ್ಜಿಗೆ ಹುಯ್ಯಬೇಡಿ. ಕೂಡಲೇ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ.

ರಕ್ತ ಪರೀಕ್ಷೆ ನೋಡಿ ಡಾಕ್ಟರು, “ಬಿಳಿ ರಕ್ತಕಣ ತುಂಬಾ ಕಡಿಮೆ ಇದೆ” ಅನ್ನಬಹುದು. ಹಾಗಂದ್ರೆ ಏನು? ಬಿಳಿ ರಕ್ತಕಣಗಳು ಮೈಯನ್ನು ಕಾಯುತ್ತವೆ. ಅವು ಹುಟ್ಟುವುದು ಮೂಳೆಯ ಒಳಗೆ. ಪಾರ್ವೊ ವೈರಸ್ ಅಲ್ಲಿಗೇ ಪೆಟ್ಟು ಕೊಡುತ್ತದೆ. ಕರುಳನ್ನೂ ಕೆಡಿಸುತ್ತದೆ. ಕಾವಲಿಲ್ಲದ ಮೈಗೆ ಬೇರೆ ರೋಗಾಣುಗಳು ನುಗ್ಗುತ್ತವೆ. ಮೈಯ ನೀರೂ ಬತ್ತುತ್ತದೆ. ಅದಕ್ಕೇ ಡ್ರಿಪ್ಪು, ಇಂಜೆಕ್ಷನ್ನು. ಬೇಗ ಹೋದರೆ ಎಷ್ಟೋ ಮರಿಗಳು ಉಳಿಯುತ್ತವೆ.

ಮರಿಗೆ 6ರಿಂದ 8 ವಾರ ಆದಾಗ ಮೊದಲ ಲಸಿಕೆ. ಆಮೇಲೆ 3-4 ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ಈ ರೋಗ ನಮ್ಮ ಮಕ್ಕಳಿಗೆ ಅಂಟಲ್ಲ. ಆದರೆ ಆ ಮರಿ ಮಲಗಿದ್ದ ಜಾಗಕ್ಕೆ ಲಸಿಕೆ ಹಾಕಿಸದ ಬೇರೆ ಮರಿ ತರಬೇಡಿ. ವೈರಸ್ ಅಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.