ಜೀಪಿನ ವಾಟರ್ ಪಂಪು ಕಲಿಸುವ ಪಾಠ

ಚಾರ್ಮಾಡಿ ಘಾಟಿ ಏರಿ ಕೊಟ್ಟಿಗೆಹಾರದತ್ತ ಬರುವಾಗ ರಸ್ತೆಯಂಚಿನಲ್ಲಿ ಬಾನೆಟ್ ತೆರೆದು ನಿಂತ ಜೀಪನ್ನು ನೀವು ಕಂಡಿರಬಹುದು. ಬುಸುಗುಡುವ ಹಬೆ, ಬಾಟಲಿ ಹಿಡಿದು ಝರಿಯತ್ತ ಓಡುವ ಚಾಲಕ. ‘ನೀರು ಖಾಲಿಯಾಗಿದೆ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ರೇಡಿಯೇಟರಿನ ತುಂಬ ನೀರಿದ್ದೂ ಎಂಜಿನ್ ಕುದಿಯುವುದುಂಟು. ಆಗ ಅನುಮಾನಿಸಬೇಕಾದ ಬಿಡಿಭಾಗಗಳಲ್ಲಿ ಒಂದು, ವಾಟರ್ ಪಂಪು.

ಕಳಸ, ಮೂಡಿಗೆರೆ ಕಡೆಯ ಒಳಗಿನ ತೋಟಗಳಲ್ಲಿ ಜೀಪು ಬೆಳಿಗ್ಗೆ ಕೆಲಸದವರನ್ನು ಕರೆತರುತ್ತದೆ, ಮಕ್ಕಳನ್ನು ಶಾಲೆಗೆ ಬಿಡುತ್ತದೆ, ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೂ ಒಯ್ಯುತ್ತದೆ. ಎಷ್ಟೋ ಮನೆಗಳಿಗೆ ಗ್ಯಾರೇಜು ಬಹಳ ದೂರ. ಹಾಗಾಗಿ ಈ ಪಂಪನ್ನು ಮನೆಯಂಗಳದಲ್ಲೇ ಬದಲಿಸಲು ಬಲ್ಲವರು ನಮ್ಮ ಕಡೆ ಇದ್ದಾರೆ. ಆ ಕೆಲಸದ ಹಿಂದಿರುವ ವಿಜ್ಞಾನವನ್ನು ತುಸು ನೋಡೋಣ.

ಬೆಂಕಿಯ ಪಕ್ಕದಲ್ಲಿ ನೀರು

ಎಂಜಿನ್ನಿನ ಸಿಲಿಂಡರಿನೊಳಗೆ ಇಂಧನ ಉರಿದಾಗ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಇಂಧನದ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಉಳಿದುದರಲ್ಲಿ ಹೆಚ್ಚಿನದನ್ನು ನೀರು ಹೊತ್ತೊಯ್ಯಬೇಕು. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು 4.2 ಕಿಲೋಜೂಲ್ ಶಾಖ ಹೀರುತ್ತದೆ. ಇಷ್ಟು ಅಗ್ಗದಲ್ಲಿ ಸಿಕ್ಕಿ ಇಷ್ಟು ಶಾಖ ಹೊರಬಲ್ಲ ದ್ರವ ಬೇರೊಂದಿಲ್ಲ.

ಬಿಸಿನೀರು ತಾನಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಬಹುಪಾಲಿನವು ಈ ತತ್ತ್ವವನ್ನೇ ನಂಬಿ, ಪಂಪಿಲ್ಲದೆ ಓಡಿದವು. ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಈ ನಿಧಾನದ ಹರಿವು ಸಾಲದಾಯಿತು. ನೀರನ್ನು ನೂಕಲು ಪಂಪು ಬೇಕಾಯಿತು. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗಾಗಿ ಹೊಳೆಯಂಚಿನಲ್ಲಿ ಇಡುವ ಪಂಪಿನದೇ ತತ್ತ್ವ ಇದರದೂ. ರೆಕ್ಕೆಗಳಿರುವ ಚಕ್ರವೊಂದು ತಿರುಗುತ್ತ ನಡುವಿನಿಂದ ನೀರನ್ನು ಸೆಳೆದು ಅಂಚಿನಿಂದ ಎಸೆಯುತ್ತದೆ. ಹಳೆಯ ಜೀಪುಗಳಲ್ಲಿ ಇದನ್ನು ತಿರುಗಿಸುವುದು ಫ್ಯಾನ್ ಬೆಲ್ಟು.

ಪಂಪಿನ ಕೆಳಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಇಲ್ಲಿಂದ ಹೊರಬರಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಪಂಪು ಬದಲಿಸುವ ಕಾಲ ಬಂತೆಂದೇ ಅರ್ಥ. ತೂತಿಗೆ ಅಂಟು ಮೆತ್ತಿ ಮುಚ್ಚಿದರೆ ನೀರು ಬೇರಿಂಗನ್ನು ತಿನ್ನುತ್ತದೆ. ಫ್ಯಾನನ್ನು ಹಿಡಿದು ಅಲುಗಿಸಿದಾಗ ಶಾಫ್ಟು ಆಡಿದರೆ, ತಿರುಗುವಾಗ ಕರಕರ ಸದ್ದು ಬಂದರೆ ಅದೂ ಎಚ್ಚರಿಕೆಯೇ.

ಮುಚ್ಚಳದ ಲೆಕ್ಕ

ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಇಳಿದು, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ; ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಆಸುಪಾಸು. ಅದಕ್ಕೇ ರೇಡಿಯೇಟರಿಗೆ ಪ್ರೆಶರ್ ಕುಕ್ಕರಿನಂತೆ ಒತ್ತಡ ತಡೆಯುವ ಮುಚ್ಚಳ. ಅದರೊಳಗೆ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ನಿಲ್ಲಬಲ್ಲದು.

ವಿದ್ಯಾರ್ಥಿಗಳೇ, ಈಗೊಂದು ಲೆಕ್ಕ. ಒಳಗಿನ ಒಂದು ಕಿಲೋ ನೀರು 115 ಡಿಗ್ರಿಯಲ್ಲಿದೆ. ಮುಚ್ಚಳ ತೆಗೆದೊಡನೆ ಅದು 96ಕ್ಕೆ ಇಳಿಯಲೇಬೇಕು. 19 ಡಿಗ್ರಿಯನ್ನು 4.2ರಿಂದ ಗುಣಿಸಿದರೆ ಸುಮಾರು 80 ಕಿಲೋಜೂಲ್. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.26 ಕಿಲೋಜೂಲ್ ಬೇಕು. ಅಂದರೆ 35 ಗ್ರಾಂ ನೀರು ಥಟ್ಟನೆ ಹಬೆಯಾಗಿ 60 ಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಕುದಿನೀರನ್ನೂ ಎಳೆದುಕೊಂಡು ಮುಖಕ್ಕೆ ಎರಚುವುದು ಈ ಹಬೆಯೇ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬಾರದು. ಕಾದ ಎಂಜಿನ್ನಿಗೆ ಝರಿಯ ತಣ್ಣೀರು ಸುರಿದರೆ ಲೋಹ ಒಮ್ಮೆಗೇ ಕುಗ್ಗಿ ಬಿರುಕು ಬಿಡಬಹುದು.

ಅಂಗಳದಲ್ಲಿ ಕೆಲಸ

ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಕೀಲಿ ತೆಗೆದು ಬ್ಯಾಟರಿಯ ತಂತಿ ಬಿಡಿಸಿ. ರೇಡಿಯೇಟರಿನ ನೀರನ್ನು ಅಗಲ ಬಾನಿಗೆ ಇಳಿಸಿ. ಕೂಲೆಂಟ್ ಬೆರೆತ ನೀರು ಸಿಹಿ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ನಾಯಿಗೂ ದನಕ್ಕೂ ಮಗುವಿಗೂ ವಿಷ. ಅದನ್ನು ಹಳ್ಳಕ್ಕೆ ಚೆಲ್ಲಬೇಡಿ.

ಬೆಲ್ಟು ಸಡಿಲಿಸಿ, ಫ್ಯಾನು, ಹೋಸ್ ಪೈಪುಗಳನ್ನು ಕಳಚಿ, ಪಂಪಿನ ಬೋಲ್ಟುಗಳನ್ನು ಬಿಚ್ಚಬೇಕು. ಬೋಲ್ಟುಗಳ ಉದ್ದ ಬೇರೆ ಬೇರೆ ಇರಬಹುದು. ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು ಆಯಾ ಜಾಗದಲ್ಲಿ ಬೋಲ್ಟು ಸಿಕ್ಕಿಸಿಡುವ ಕೆಲಸ ಮಕ್ಕಳಿಗಿರಲಿ. ಹಳೆಯ ಪ್ಯಾಕಿಂಗನ್ನು ಪೂರಾ ಕೆರೆದು, ಲೋಹಕ್ಕೆ ಗೀರು ಬೀಳದಂತೆ ಒರೆಸಿ. ಹೊಸ ಪಂಪನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿ, ಹೊಸ ಪ್ಯಾಕಿಂಗ್ ಇಟ್ಟು ಕೂರಿಸಿ. ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಬದಿ ಬಿಗಿದರೆ ಒತ್ತಡ ಸಮನಾಗಿ ಹಂಚದೆ ಇನ್ನೊಂದು ಬದಿ ಸೋರುತ್ತದೆ.

ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ಬೋರ್‌ವೆಲ್ಲಿನ ಗಡಸುನೀರು ಒಳಗೆ ಲವಣ ಕಟ್ಟಿಸುತ್ತದೆ. ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಬೆರೆಸುವುದೇ ಲೇಸು. ನಿಧಾನವಾಗಿ ತುಂಬಿ, ಎಂಜಿನ್ ಓಡಿಸಿ, ಒಳಗಿನ ಗಾಳಿ ಹೊರಬಂದು ಮಟ್ಟ ಇಳಿದಂತೆ ಮತ್ತೆ ತುಂಬಬೇಕು. ಓಡುವ ಫ್ಯಾನಿನ ಹತ್ತಿರ ಸೆರಗು, ಜಡೆ, ಕೈ ಸುಳಿಯದಿರಲಿ.

ಇದೆಲ್ಲ ಪಂಪು ಮುಂದೆಯೇ ಕಾಣುವ ಹಳೆಯ ಗಾಡಿಗಳಿಗೆ ಹೇಳಿದ ಮಾತು. ಇಂದಿನ ಅನೇಕ ಕಾರುಗಳಲ್ಲಿ ಪಂಪನ್ನು ಟೈಮಿಂಗ್ ಬೆಲ್ಟು ತಿರುಗಿಸುತ್ತದೆ. ಅದನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದರೂ ಎಂಜಿನ್ ಕೆಡಬಹುದು. ಅದು ಪಳಗಿದ ಮೆಕ್ಯಾನಿಕ್ ಮಾಡುವ ಕೆಲಸ.

ಪರೀಕ್ಷೆ ಹತ್ತಿರವಿರುವಾಗ ಮಗ ಸ್ಪ್ಯಾನರ್ ಹಿಡಿದರೆ, ಮಗಳು ಕೈಗೆ ಗ್ರೀಸು ಮೆತ್ತಿಕೊಂಡರೆ ತಾಯ್ತಂದೆಯರಿಗೆ ಆತಂಕ ಸಹಜ. ಆದರೆ ವಿಶಿಷ್ಟೋಷ್ಣ, ಗುಪ್ತೋಷ್ಣ, ಒತ್ತಡ, ಸಂವಹನ ಎಂದು ತರಗತಿಯಲ್ಲಿ ಉರುಹೊಡೆಯುವುದೆಲ್ಲ ಆ ಬಾನೆಟ್ಟಿನ ಕೆಳಗಿದೆ. ಮುಂದಿನ ಸಲ ಗಾಡಿ ಬಿಚ್ಚುವಾಗ ಮಕ್ಕಳನ್ನು ಒಳಗೆ ಅಟ್ಟಬೇಡಿ. ಹತ್ತಿರ ಕರೆದು, ಮೊದಲು ಏನನ್ನು ಮುಟ್ಟಬಾರದೆಂದು ಹೇಳಿಕೊಡಿ. ಆಮೇಲೆ ರಟ್ಟು, ಪೆನ್ಸಿಲು ಕೈಗೆ ಕೊಡಿ.